ಎರಡು ಸೀಟಿನ ಗಾಡಿ

ಪಂಚಾಕ್ಷರಪ್ಪ ಹಳೇ ಗಾಡಿಗಳನ್ನು ಕೊಂಡು ಮಾರುತ್ತಿದ್ದ. ಕಡೂರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವನ ಮನೆ. ಮನೆಯ ಪಕ್ಕದ ಖಾಲಿ ಜಾಗದಲ್ಲಿ, ಹುಣಸೇಮರದ ಕೆಳಗೆ, ಯಾವತ್ತೂ ಮೂರೋ ನಾಲ್ಕೋ ಗಾಡಿ ನಿಂತಿರುತ್ತಿದ್ದವು. ಒಂದು ಅಂಬಾಸಡರ್, ಒಂದು ಮಿಲಿಟರಿ ಹರಾಜಿನ ಜೀಪು, ಒಮ್ಮೊಮ್ಮೆ ಒಂದು ಟ್ರಾಕ್ಟರು. ಅವನ ತಂದೆ ಅಜ್ಜಂಪುರದಲ್ಲಿ ಎತ್ತಿನ ವ್ಯಾಪಾರ ಮಾಡಿದವರು. ಮಗ ಎತ್ತು ಬಿಟ್ಟು ಇಂಜಿನ್ನು ಹಿಡಿದು ಕಡೂರಿಗೆ ಬಂದ. ಅವನದೊಂದು ಕಟ್ಟುನಿಟ್ಟಿತ್ತು: ಯಾವ ಗಾಡಿಯೂ ಎರಡು ತಿಂಗಳಿಗಿಂತ ಹೆಚ್ಚು ಆ ಮರದ ಕೆಳಗೆ ನಿಲ್ಲಕೂಡದು. ನಿಂತಷ್ಟೂ ಟೈರು ಒಣಗುತ್ತದೆ, ಬ್ಯಾಟರಿ ಇಳಿಯುತ್ತದೆ, "ಇನ್ನೂ ಹೋಗಿಲ್ವೇನಪ್ಪಾ?" ಎಂದು ಕೇಳುವ ಬಾಯಿಗಳು ಹೆಚ್ಚುತ್ತವೆ.

ಎಪ್ಪತ್ತೆಂಟನೇ ಇಸವಿ, ಸಂಕ್ರಾಂತಿ ಕಳೆದ ವಾರ, ಕೆಮ್ಮಣ್ಣುಗುಂಡಿಯ ಬುಡದ ಒಂದು ಕಾಫಿ ಎಸ್ಟೇಟಿನಲ್ಲಿ ಜೀಪು ಮಾರಾಟಕ್ಕಿದೆ ಎಂದು ಕೇಳಿ ಅವನು ಹೋದ. ಎಸ್ಟೇಟಿನ ವಯಸ್ಸಾದ ಯಜಮಾನರು ಎಲ್ಲವನ್ನೂ ಮಾರಿ ಮಗಳ ಮನೆಗೆ ಹೊರಟಿದ್ದರು. ಜೀಪು ಹಿಂದಿನ ದಿನವೇ ಯಾರಿಗೋ ಹೋಗಿಬಿಟ್ಟಿತ್ತು. ಅವರು ಕೊಟ್ಟ ಕಾಫಿ ಕುಡಿದು ಏಳುವಾಗ, ಬೀಜ ಒಣಗಿಸುವ ಕಣದಾಚೆಯ ಶೆಡ್ಡಿನಲ್ಲಿ ಗೋಣಿತಾಟು ಹೊದ್ದುಕೊಂಡ ಏನೋ ಒಂದು ಅವನ ಕಣ್ಣಿಗೆ ಬಿತ್ತು. ಹೋಗಿ ತಾಟು ಎತ್ತಿದ. ಒಳಗಿಂದ ಒಂದು ಕೋಳಿ ಅವನನ್ನು ದುರುಗುಟ್ಟಿ ನೋಡಿತು. ಕಾವಿಗೆ ಕೂತ ಕೋಳಿ. ಅದು ಕೂತಿದ್ದದ್ದು ಚರ್ಮದ ಸೀಟಿನ ಮೇಲೆ.

ತಾಟು ಪೂರ್ತಿ ಸರಿಸಿದಾಗ ಗಾಡಿ ಕಂಡಿತು. ಅಂಥದ್ದನ್ನು ಅವನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಮೇಲೆ ಚಾವಣಿಯಿಲ್ಲ. ಉದ್ದನೆಯ ಮೂತಿ, ಸೈಕಲ್ಲಿಗಿರುವಂತೆ ತಂತಿಕಡ್ಡಿಗಳ ಚಕ್ರ, ಮೊಳಕೈ ಹೊರಗಿಡಲೆಂದೇ ಕೆತ್ತಿದ ಹಾಗೆ ಅರ್ಧಕ್ಕೇ ತಗ್ಗಿದ ಬಾಗಿಲು. ಹಸಿರು ಬಣ್ಣ ಬಾಡಿದ ವೀಳ್ಯದೆಲೆಯ ಹಾಗಾಗಿತ್ತು. ಮುಂಭಾಗದಲ್ಲಿ ಎಂ.ಜಿ. ಎಂದು ಎರಡಕ್ಷರ.

"ನಲವತ್ತೊಂಬತ್ತರಲ್ಲಿ ಬೊಂಬಾಯಿ ಬಂದರಿಂದ ನಾನೇ ಓಡಿಸ್ಕೊಂಡು ಬಂದೆ," ಎಂದರು ಯಜಮಾನರು. "ರೇಸಿನ ಗಾಡಿ. ಈಗ ಅದರೊಳಗೆ ಇಳಿದ್ರೆ ನನ್ನ ಎತ್ತೋಕೆ ನಾಲ್ಕು ಜನ ಬೇಕು. ಈ ಸೀಮೇಲಿ ಇದನ್ನ ಯಾರಿಗೆ ಮಾರ್ತೀರಿ?"

"ಈ ಸೀಮೇಲಿ ಯಾರಿಗೂ ಇಲ್ಲ ಸ್ವಾಮಿ. ಬೆಂಗಳೂರಲ್ಲಿ ಇಂಥದ್ದಕ್ಕೆ ಹುಚ್ಚು ಹಿಡಿದೋರು ಇದಾರೆ. ಎರಡು ತಿಂಗಳು ಇಟ್ಕೋತೀನಿ, ಕೊಡ್ತೀನಿ."

ವ್ಯಾಪಾರ ಕುದುರಿತು. ಆದರೆ ಯಜಮಾನರು ಒಂದು ಷರತ್ತು ಹಾಕಿದರು: ಮರಿ ಹೊರಗೆ ಬರುವವರೆಗೆ ಕೋಳಿಯನ್ನು ಎಬ್ಬಿಸಬಾರದು. ಐದು ದಿನ ಬಿಟ್ಟು ಪಂಚಾಕ್ಷರಪ್ಪ ಲಾರಿ ತಗೊಂಡು ಹೋದಾಗ ಸೀಟಿನ ಮೇಲೆ ಮೊಟ್ಟೆಯ ಚಿಪ್ಪುಗಳು ಮಾತ್ರ ಉಳಿದಿದ್ದವು.

ಗಾಡಿ ಕಡೂರಿಗೆ ಬಂತು. ಮನೆಮಂದಿಯೆಲ್ಲ ಹೊರಗೆ ಬಂದು ನೋಡಿದರು. ಪಂಚಾಕ್ಷರಪ್ಪನ ತಾಯಿ ಉಚ್ಚಂಗಮ್ಮ ಕೋಲೂರಿಕೊಂಡು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಇದೇನಪ್ಪಾ ಇದು? ಮನೇಲಿ ಹದಿನಾಲ್ಕು ಜನ. ಇದರಲ್ಲಿ ಇಬ್ಬರಿಗೇ ಜಾಗ."

"ಮನೆಗಲ್ಲ ಕಣವ್ವ, ಮಾರೋಕೆ."

"ಮಿಕ್ಕೋರು ಎಲ್ಲಿ ಕೂರ್ಬೇಕು ಅಂತ ಮಾಡಿದಾನೆ ಮಾಡಿದೋನು?" ಎಂದು ಅವಳು ಕೋಲಿನಿಂದ ಡಿಕ್ಕಿ ಇರಬೇಕಾದ ಜಾಗವನ್ನು ತಟ್ಟಿದಳು. ಅಲ್ಲಿ ಪೆಟ್ರೋಲ್ ಟ್ಯಾಂಕು ಮಾತ್ರ ಇತ್ತು.

ಮೆಕ್ಯಾನಿಕ್ ಗಿರಿಯಪ್ಪ ಎರಡು ವಾರ ಇಂಜಿನ್ನು ಬಿಚ್ಚಿಟ್ಟುಕೊಂಡು ಕೂತ. ಪಿಸ್ಟನ್ ರಿಂಗುಗಳನ್ನು ಬದಲಿಸಿದ. ಸೀಟಿನ ಹಿಂದೆ ಮಡಚಿಟ್ಟಿದ್ದ ಹರಿದ ಬಟ್ಟೆಯ ಟಾಪಿಗೆ ಬದಲಾಗಿ ಟಾರ್ಪಾಲು ಹೊಲಿಯುವವನ ಹತ್ತಿರ ಹೊಸದು ಹೊಲಿಸಿದ. ಕೊನೆಗೆ ಕೈ ಒರೆಸಿಕೊಳ್ಳುತ್ತಾ ಹೇಳಿದ: "ಯಜಮಾನ್ರೇ, ಈಗ್ಲೇ ಮಾರಂಗಿಲ್ಲ. ಸಾವಿರ ಮೈಲಿ ಓಡ್ಬೇಕು. ಮೂವತ್ತರ ಮೇಲೆ ಹೋಗಂಗಿಲ್ಲ, ಇಪ್ಪತ್ತರ ಕೆಳಗೆ ಇಳಿಯಂಗಿಲ್ಲ. ಹೊಸ ರಿಂಗು, ಹೊಂದ್ಕೋಬೇಕು. ಈಗ ಜೋರಾಗಿ ಓಡ್ಸಿದ್ರೆ ನಾನು ಪಟ್ಟ ಕಷ್ಟವೆಲ್ಲ ಮಣ್ಣು."

ಇದರಲ್ಲೊಂದು ತೊಡಕಿತ್ತು. ಆ ಗಾಡಿಯಲ್ಲಿ ವೇಗ ತೋರಿಸುವ ಮುಳ್ಳು ಓಡಿಸುವವನ ಮುಂದಿರಲಿಲ್ಲ, ಎಡಗಡೆ ಸೀಟಿನ ಮುಂದಿತ್ತು. ನಲವತ್ತೇಳು ದಾಟಿದ ಪಂಚಾಕ್ಷರಪ್ಪನಿಗೆ ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಹತ್ತಿರದ್ದು ಇಲ್ಲ. ಕನ್ನಡಕ ಹಾಕಿದರೆ ಮುಳ್ಳು ಕಾಣುತ್ತಿತ್ತು, ರಸ್ತೆ ಮಸುಕಾಗುತ್ತಿತ್ತು. ಎರಡು ದಿನ ಗಿರಿಯಪ್ಪನೇ ಪಕ್ಕದಲ್ಲಿ ಕೂತು ಓದಿ ಹೇಳಿದ. ಮೂರನೇ ದಿನ, ನನಗೂ ಕೆಲಸ ಇದೆ ಕಣ್ರೀ ಎಂದುಬಿಟ್ಟ. ತಮ್ಮಂದಿರಲ್ಲಿ ಒಬ್ಬ ಅಂಗಡಿಗೆ ಹೋಗಬೇಕು, ಇನ್ನೊಬ್ಬ ಸ್ಕೂಲಿಗೆ ಪಾಠ ಹೇಳಲು. ರಾತ್ರಿ ಊಟದ ಹೊತ್ತಿಗೆ ಪಂಚಾಕ್ಷರಪ್ಪ ಈ ಕಷ್ಟ ಹೇಳಿಕೊಂಡಾಗ ಸಾರು ಬಡಿಸುತ್ತಿದ್ದ ಹೆಂಡತಿ ಮಲ್ಲಿಕಾಂಬ ಸೌಟು ಹಿಡಿದು ಹಾಗೇ ನಿಂತಳು.

"ನಾನ್ ಬರ್ಲಾ?"

ಎಲ್ಲರೂ ಉಚ್ಚಂಗಮ್ಮನ ಕಡೆ ನೋಡಿದರು. ಅವಳು, "ಹೋಗ್ಲಿ ಬಿಡು. ಓದು ಬರಹ ಬಂದವಳು. ಬೆಳಗಿನ ರೊಟ್ಟಿ ಕಾಂತಮ್ಮ ತಟ್ತಾಳೆ," ಎಂದಳು. ಕಾಂತಮ್ಮ ಎರಡನೇ ಸೊಸೆ. ಅವಳು ತಟ್ಟೆ ಎತ್ತುವಾಗ ಸದ್ದು ಸ್ವಲ್ಪ ಜೋರಾಗಿತ್ತು.

ಮಾರನೇ ಬೆಳಿಗ್ಗೆ ಆರಕ್ಕೆ ಹೊರಟರು. ಮಲ್ಲಿಕಾಂಬ ಸ್ನಾನ, ಪೂಜೆ ಮುಗಿಸಿ, ಸೆರಗನ್ನು ತಲೆಮೇಲಿಂದ ತಂದು ಗಲ್ಲದ ಕೆಳಗೆ ಗಂಟು ಹಾಕಿಕೊಂಡಿದ್ದಳು. ಸೀಟಿಗೆ ಇಳಿದಾಗ ಅವಳಿಗೆ ಗಾಬರಿಯಾಯಿತು. ಬಾಗಿಲ ಮೇಲಿಂದ ಕೈ ಇಳಿಬಿಟ್ಟರೆ ನೆಲ ಸಿಗುವಂತಿತ್ತು. ಬೀರೂರಿನ ಕಡೆ ರಸ್ತೆಗೆ ಬಿದ್ದಾಗ ಮಂಜು ಇನ್ನೂ ಎದ್ದಿರಲಿಲ್ಲ. ಎರಡೂ ಕಡೆಯ ತೆಂಗಿನ ಮರಗಳು ಬುಡವಿಲ್ಲದೆ ಗಾಳಿಯಲ್ಲಿ ತೂಗುಬಿದ್ದ ಹಾಗಿದ್ದವು. ಗಾಡಿ ಹೋಗುತ್ತಿದೆಯೋ, ತಾವು ಕೂತಲ್ಲೇ ಕೂತು ಮರಗಳು ಮೆಲ್ಲಗೆ ತೇಲಿ ಹಿಂದಕ್ಕೆ ಹೋಗುತ್ತಿವೆಯೋ ಅವಳಿಗೆ ತಿಳಿಯಲಿಲ್ಲ.

"ಎಷ್ಟೇ?" ಎಂದ ಪಂಚಾಕ್ಷರಪ್ಪ.

"ಇಪ್ಪತ್ತೇಳು."

ಸ್ವಲ್ಪ ಹೊತ್ತು ಬಿಟ್ಟು, "ಈಗ?"

"ಇಪ್ಪತ್ತೊಂಬತ್ತು. ನಿಧಾನ ರೀ."

ಮದುವೆಯಾಗಿ ಇಪ್ಪತ್ತಮೂರು ವರ್ಷ. ಮೂರು ಮಕ್ಕಳು. ಇಷ್ಟು ವರ್ಷದಲ್ಲಿ ಅವರಿಬ್ಬರೇ ಒಂದು ಕಡೆ ಹೀಗೆ ಹಗಲು ಬೆಳಕಿನಲ್ಲಿ ಎರಡು ಗಂಟೆ ಕೂತದ್ದೇ ಇಲ್ಲ. ಬಸ್ಸಿನಲ್ಲಿ ಹೋದರೆ ಜೊತೆಗೆ ಅತ್ತೆ, ಮಕ್ಕಳು, ಗಂಟು. ಮನೆಯಲ್ಲಿ ಎಲ್ಲಿ ನಿಂತರೂ ಯಾರಾದರೂ ಹಾದುಹೋಗುತ್ತಿದ್ದರು. ಈ ಗಾಡಿಯಲ್ಲಿ ಮೂರನೆಯವರಿಗೆ ಜಾಗವೇ ಇರಲಿಲ್ಲ. ಮೊದಲೆರಡು ದಿನ ಅಂಕೆ ಬಿಟ್ಟು ಬೇರೆ ಮಾತೇ ಅವರ ಬಾಯಿಗೆ ಬರಲಿಲ್ಲ.

ಆಮೇಲೆ ಬಂತು. ಒಂದು ದಿನ ಅಜ್ಜಂಪುರದ ಕಡೆ ಹೋಗುವಾಗ, ದಾರಿಯ ಕೆರೆಯೊಂದರ ನೀರು ಬೆಳಗಿನ ಬಿಸಿಲಿಗೆ ತಗಡಿನ ಹಾಗೆ ಹೊಳೆಯುತ್ತಿತ್ತು. "ನಂಗೆ ಈಜು ಬರುತ್ತೆ," ಎಂದಳು ಮಲ್ಲಿಕಾಂಬ.

"ಏನು?" ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ.

"ಈಜು ರೀ! ಈಜು ಬರುತ್ತೆ ಅಂದೆ!"

"ನಿಂಗಾ?"

"ಚಿಕ್ಕೋಳಿದ್ದಾಗ ನಮ್ಮೂರ ಕೆರೇಲಿ ಈ ಏರಿಯಿಂದ ಆ ದಡಕ್ಕೆ ಹೋಗಿ ಬರ್ತಿದ್ದೆ. ಗೊತ್ತಾಗಿ ಅಪ್ಪ ಹೊಡೆದ್ರು. ನಿಲ್ಲಿಸಿದೆ."

ಇಪ್ಪತ್ತಮೂರು ವರ್ಷ ಪಕ್ಕದಲ್ಲಿ ಮಲಗಿದವಳು ಕೆರೆ ದಾಟಿದ ಹುಡುಗಿ ಎಂಬುದು ಪಂಚಾಕ್ಷರಪ್ಪನ ಮನಸ್ಸಿನಲ್ಲಿ ಮೆಲ್ಲಗೆ ಇಳಿಯಿತು. ಆಮೇಲೆ ತಾನೂ ಒಂದು ಹೇಳಿದ, ಯಾರಿಗೂ ಹೇಳದ್ದು.

"ನಂಗೆ ಎತ್ತು ಕಂಡ್ರೆ ಭಯ ಕಣೇ."

"ಎತ್ತಿನ ವ್ಯಾಪಾರದೋರ ಮಗ!"

"ಅದಕ್ಕೇ. ಅಮೃತಮಹಲ್ ಹೋರಿ ನೋಡಿದೀಯಲ್ಲ, ಆ ಕೊಂಬು. ಎಂಟು ವರ್ಷದೋನಿದ್ದಾಗ ಹಗ್ಗ ಹಿಡ್ಕೋ ಅಂತ ಕೈಗೆ ಕೊಟ್ರು. ಚಡ್ಡೀಲೇ ಆಗ್ಬಿಡ್ತು. ಇಂಜಿನ್ನು ನಮ್ಮ ಮುಖ ನೋಡಲ್ಲ, ಅದಕ್ಕೆ ಇಷ್ಟ ಆಯ್ತು."

ಅವಳು ನಕ್ಕಳು. ಬಾಯಿಗೆ ಸೆರಗು ಮುಚ್ಚಿಕೊಳ್ಳದೆ, ಗಾಳಿಗೆ ಮುಖ ಕೊಟ್ಟು ನಕ್ಕಳು. ಅವನೂ ನಕ್ಕ. ಮುಳ್ಳು ಮೂವತ್ತೆರಡಕ್ಕೆ ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮಾಘ ಮಾಸದ ಆ ಬೆಳಗುಗಳು ಒಂದರೊಳಗೊಂದು ಕರಗಿಹೋದವು. ಒಂದು ದಿನ ತರೀಕೆರೆ ಕಡೆ, ಒಂದು ದಿನ ಅಂತರಘಟ್ಟೆ ಕಡೆ. ಹುಲ್ಲಿನ ಮೇಲೆ ಇಬ್ಬನಿ, ಅವರೆ ಹೂವಿನ ವಾಸನೆ, ದೂರದಲ್ಲೊಂದು ರೈಲಿನ ಹೊಗೆ ಗೆರೆ ಎಳೆದು ಅಳಿಸಿಹೋಗುವುದು. ಮನೆಗೆ ಬಂದು ಒಲೆಯ ಮುಂದೆ ಕೂತರೂ ಮಲ್ಲಿಕಾಂಬಳಿಗೆ ನೆಲ ತನ್ನ ಕೆಳಗೆ ಸರಿಯುತ್ತಿರುವಂತೆ ಅನ್ನಿಸುತ್ತಿತ್ತು. ಮಧ್ಯಾಹ್ನ ಅಕ್ಕಿ ಆರಿಸುವಾಗ ಕಣ್ಣು ಮುಚ್ಚಿದರೆ ಬಿಳಿ ಮಂಜು. ಕಾಂತಮ್ಮ ಒಮ್ಮೆ, "ಅಕ್ಕಾ, ಕಲ್ಲೆಲ್ಲ ಹಾಗೇ ಬಿಟ್ಟಿದೀರಲ್ಲ," ಎಂದಳು.

ಬೀರೂರು ದಾಟಿದ ಮೇಲೆ ಒಂದು ಬೆಳಿಗ್ಗೆ ರಸ್ತೆಯುದ್ದಕ್ಕೂ ಹುರುಳಿ ಗಿಡ ಹರಡಿದ್ದರು. ಲಾರಿ, ಬಸ್ಸು ಓಡಾಡಿ ಕಾಳು ಉದುರಲಿ ಎಂದು ರೈತರು ಹಾಗೆ ಮಾಡುವುದು ವಾಡಿಕೆ. ಈ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರ. ಪಂಚಾಕ್ಷರಪ್ಪ ಅದರ ಮೇಲೇ ಹತ್ತಿಸಿದ. ಅರ್ಧ ಫರ್ಲಾಂಗು ಹೋಗಿರಬಹುದು, ಮಲ್ಲಿಕಾಂಬ ಮೂಗೆತ್ತಿದಳು.

"ನಿಲ್ಸಿ. ಸುಡೋ ವಾಸನೆ."

"ಇಂಜಿನ್ನು ಬಿಸಿ ಆದ್ರೆ ಹಂಗೇ—"

"ನಿಲ್ಸಿ ಅಂದೆ! ಇದು ಒಲೆ ವಾಸನೆ, ಇಂಜಿನ್ನಿನದಲ್ಲ."

ಅವನು ನಿಲ್ಲಿಸಿದ. ಸೈಲೆನ್ಸರಿಗೆ ಸುತ್ತಿಕೊಂಡಿದ್ದ ಒಣ ಬಳ್ಳಿ ಹೊಗೆಯಾಡುತ್ತಿತ್ತು. ಅವನು ಬಗ್ಗಿ ನೋಡುವಷ್ಟರಲ್ಲಿ ಅವಳು ರಸ್ತೆಬದಿಯ ಮಣ್ಣನ್ನು ಬೊಗಸೆ ಬೊಗಸೆ ತಂದು ಎರಚಿ, ಒಂದು ಕೋಲಿನಿಂದ ಬಳ್ಳಿಯನ್ನು ಎಳೆದು ಹಾಕಿದ್ದಳು. ಇನ್ನೆರಡು ನಿಮಿಷ ಬಿಟ್ಟಿದ್ದರೆ ಪೆಟ್ರೋಲ್ ಟ್ಯಾಂಕಿನವರೆಗೂ ಬೆಂಕಿ ಹೋಗುತ್ತಿತ್ತು. ಹುರುಳಿ ಹರಡಿದ ರೈತ ಓಡಿ ಬಂದು, "ಇಷ್ಟು ಗಿಡ್ಡ ಗಾಡಿ ಯಾಕೆ ತಂದ್ರಿ ಸ್ವಾಮಿ, ನಮ್ಮ ಕುರೀನೇ ಇದಕ್ಕಿಂತ ಎತ್ತರ ಅದಾವೆ," ಎಂದ. ಮಲ್ಲಿಕಾಂಬ ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡು ತನ್ನ ಸೀಟಿನಲ್ಲಿ ಕೂತಳು.

ಆ ದಿನವೇ ಪಂಚಾಕ್ಷರಪ್ಪ ನಿರ್ಧರಿಸಿದ್ದಿರಬೇಕು. ಮಾರನೇ ದಿನ ಗಾಡಿಯನ್ನು ಎಮ್ಮೆದೊಡ್ಡಿ ಕಡೆಗೆ ತಿರುಗಿಸಿದ. ಅಲ್ಲಿ ಸರ್ಕಾರದ ದನ ಮೇಯುವ ಕಾವಲು. ಕಣ್ಣು ಹಾಯುವಷ್ಟು ದೂರ ಒಣಹುಲ್ಲು, ಆಚೆಗೆ ನೀಲಿ ಗುಡ್ಡ. ಎತ್ತಿನಗಾಡಿಯ ದಾರಿಯೊಂದರಲ್ಲಿ ಒಳಕ್ಕೆ ಹೋಗಿ ನಿಲ್ಲಿಸಿ, ಕೆಳಗಿಳಿದು, ಅವಳ ಕಡೆಯ ಬಾಗಿಲು ತೆಗೆದ.

"ಈ ಕಡೆ ಬಾ."

"ಯಾಕೆ?"

"ನೀನು ಓಡ್ಸು. ಮುಳ್ಳು ನಾನ್ ನೋಡ್ತೀನಿ. ಕನ್ನಡಕ ತಂದಿದೀನಿ."

ಅವಳು ಅವನ ಮುಖವನ್ನೇ ನೋಡಿದಳು. ತಮಾಷೆಯಲ್ಲ ಎಂದು ತಿಳಿದ ಮೇಲೆ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು, ಬಂದು ಕೂತಳು. ಕ್ಲಚ್ಚು, ಗೇರು, ಬ್ರೇಕು ಎಂದು ಅವನು ತೋರಿಸಿದ. ಮೊದಲ ಸಲ ಗಾಡಿ ಕಪ್ಪೆಯ ಹಾಗೆ ಹಾರಿ ನಿಂತುಬಿಟ್ಟಿತು. ಎರಡನೇ ಸಲವೂ ಅಷ್ಟೇ. ನಾಲ್ಕನೇ ಸಲಕ್ಕೆ ಮೆಲ್ಲಗೆ ಸರಿಯಿತು. ಹುಲ್ಲು ಎರಡೂ ಪಕ್ಕದಲ್ಲಿ ಬಾಗಿಲನ್ನು ಸವರುತ್ತಾ ಸರಸರ ಎನ್ನತೊಡಗಿತು.

"ಎಷ್ಟು?" ಎಂದಳು ಅವಳು, ಕಣ್ಣು ಮುಂದಿಟ್ಟು.

"ಎಂಟು."

"ಈಗ?"

"ಹನ್ನೆರಡು. ಪರವಾಗಿಲ್ಲ, ಬಿಡು, ಹೋಗ್ಲಿ."

ಮಂಜಿನೊಳಗಿಂದ ಬೂದುಬಣ್ಣದ ದನಗಳ ಹಿಂಡೊಂದು ಎದ್ದು ಬಂತು. ನೆಟ್ಟಗೆ ನಿಂತ ಕೊಂಬುಗಳೇ ಮೊದಲು ಕಂಡವು, ಆಮೇಲೆ ಮುಖಗಳು. ಪಂಚಾಕ್ಷರಪ್ಪ ಬಾಗಿಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಮಲ್ಲಿಕಾಂಬ ವೇಗ ಇಳಿಸಿ ಹಾರನ್ನೂ ಹೊಡೆಯದೆ ಅವುಗಳ ನಡುವೆ ಗಾಡಿಯನ್ನು ನಡೆಸಿಕೊಂಡು ಹೋದಳು. ದನಗಳು ತಲೆ ತಿರುಗಿಸಿ ನೋಡಿ ದಾರಿ ಬಿಟ್ಟವು. ಒಂದರ ಉಸಿರು ಅವನ ಭುಜಕ್ಕೆ ಬೆಚ್ಚಗೆ ತಾಗಿತು. ಅವನಿಗೆ ಭಯವಾಗಲಿಲ್ಲವೆಂದಲ್ಲ. ಆದರೆ ಆ ಭಯವೂ ಯಾರದೋ ಕನಸಿನದು ಎಂಬಂತೆ ದೂರದಲ್ಲಿತ್ತು.

ಮೂರು ವಾರ ಅವಳು ಕಾವಲಿನಲ್ಲಿ ಓಡಿಸಿದಳು. ಊರು ಹತ್ತಿರ ಬಂದ ಕೂಡಲೇ ಇಬ್ಬರೂ ಸೀಟು ಬದಲಿಸಿಕೊಳ್ಳುತ್ತಿದ್ದರು. ಒಮ್ಮೆ ನಾಲ್ಕೈದು ಕೃಷ್ಣಮೃಗಗಳು ಗಾಡಿಯ ಪಕ್ಕದಲ್ಲೇ ಜಿಗಿಯುತ್ತಾ ಬಂದು, ಸಾಕೆನಿಸಿದಾಗ ಅಡ್ಡ ದಾಟಿ ಮಾಯವಾದವು. ಆ ಹೊತ್ತಿಗೆ ಮೈಲಿ ಎಷ್ಟಾಯಿತು ಎಂದು ಇಬ್ಬರೂ ಕೇಳುವುದನ್ನು ಬಿಟ್ಟಿದ್ದರು.

ಶಿವರಾತ್ರಿಯಾದ ಮರುದಿನ ಬೆಂಗಳೂರಿನಿಂದ ಕಾಗದ ಬಂತು. ಒಬ್ಬ ಡಾಕ್ಟರು ಗಾಡಿ ಕೊಳ್ಳಲು ಒಪ್ಪಿದ್ದರು. ಕೆಮ್ಮಣ್ಣುಗುಂಡಿಗೆ ಬರುತ್ತೇನೆ, ಭಾನುವಾರ ತರೀಕೆರೆಯ ಪ್ರವಾಸಿ ಮಂದಿರಕ್ಕೆ ತಂದುಕೊಡಿ ಎಂದು ಬರೆದಿದ್ದರು. ಗಿರಿಯಪ್ಪ ಬಂದು ಮೀಟರು ನೋಡಿ, "ಸಾವಿರದ ಮೇಲೆ ನೂರಾ ಎಪ್ಪತ್ತು ಆಗೋಯ್ತಲ್ಲ ಯಜಮಾನ್ರೇ, ಯಾವತ್ತೋ ನಿಲ್ಲಿಸ್ಬಹುದಿತ್ತು," ಎಂದು ಓರೆಗಣ್ಣಿನಲ್ಲಿ ನೋಡಿದ.

ಶನಿವಾರ ಸಂಜೆ ಪಂಚಾಕ್ಷರಪ್ಪ ಹುಣಸೇಮರದ ಕೆಳಗೆ ಗಾಡಿ ಒರೆಸುತ್ತಿದ್ದ. ಮಲ್ಲಿಕಾಂಬ ಒಣಗಿದ ಬಟ್ಟೆ ತೆಗೆಯಲು ಬಂದಳು.

"ಒಂದು ಮಾತು," ಎಂದ ಅವನು. "ಇಟ್ಕೊಂಡ್ಬಿಡೋಣ್ವಾ?"

ಅವಳು ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಂಡು, ತಂಪಾದ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು.

"ಮಾರ್ಬಿಡಿ," ಎಂದಳು. "ಈಗ ಇದು ಮಾರೋ ಗಾಡಿ, ಅದಕ್ಕೆ ನಾವಿಬ್ಬರೂ ಹೋದ್ರೆ ಕೆಲಸ ಅಂತ ಬಿಟ್ಟಿದಾರೆ. ಇಟ್ಕೊಂಡ್ರೆ ಮನೆ ಗಾಡಿ ಆಗುತ್ತೆ. ಯಾರ್ನ ಬಿಟ್ಟು ಯಾರ್ನ ಕೂರ್ಸೋದು? ಕಾಂತಮ್ಮನಿಗೇನು ಆಸೆ ಇರಲ್ವಾ? ಅವ್ವನಿಗೆ? ಮೊದಲ ವಾರವೇ ಜಗಳ. ನಂಗೆ ಈ ಗಾಡಿ ಮೇಲೆ ಕೋಪ ಬರೋದು ಬೇಡ ರೀ."

ಅವನು ತಲೆಯಾಡಿಸಿದ. ಹೇಳಿದ್ದು ಸರಿಯೆಂದು ಗೊತ್ತಿತ್ತು. ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದ.

ಭಾನುವಾರ ಎಂಟು ಗಂಟೆಗೆ ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಪಂಚಾಕ್ಷರಪ್ಪ ಕೀಲಿ ಹಿಡಿದು ಗಾಡಿಯ ಹತ್ತಿರ ಹೋದವನು, ಬಲಗಡೆ ಹೋಗದೆ ಎಡಗಡೆಗೆ ಹೋಗಿ ಕೂತ. ಕನ್ನಡಕ ಹಾಕಿಕೊಂಡ. ಕೀಲಿಯನ್ನು ಹೆಂಡತಿಯ ಕಡೆ ಚಾಚಿದ.

ಮಲ್ಲಿಕಾಂಬ ಅತ್ತೆಯ ಕಡೆ ತಿರುಗಿದಳು.

"ಏನೇ ಇದು?" ಎಂದಳು ಉಚ್ಚಂಗಮ್ಮ. "ನಿಂಗೆ ಬರುತ್ತಾ?"

"ಬರುತ್ತೆ ಅತ್ತೆ."

ಮುದುಕಿ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಹಂಗಾದ್ರೆ ನಿಂತ್ಕೊಂಡು ಏನ್ ನೋಡ್ತೀಯ? ಗಿರಾಕಿ ಕಾಯ್ತಾ ಇರ್ತಾನೆ, ಹೊರಡು."

ಹೀಗೆ ಮಲ್ಲಿಕಾಂಬ ಹಾಡುಹಗಲಲ್ಲಿ, ಊರಿನ ಕಣ್ಣೆದುರು, ಹಸಿರು ಗಾಡಿ ಓಡಿಸಿಕೊಂಡು ಹೋದಳು. ಲೈಸೆನ್ಸು ಇರಲಿಲ್ಲ. ಬೀರೂರಿನ ಸರ್ಕಲ್ಲಿನಲ್ಲಿ ನಿಂತಿದ್ದ ಪೊಲೀಸಿನವನು ಯಾವುದೋ ಎಸ್ಟೇಟಿನ ದೊರೆಸಾನಿ ಎಂದುಕೊಂಡು ಸೆಲ್ಯೂಟ್ ಹೊಡೆದ. ಸಂತೆಗೆ ಹೊರಟಿದ್ದ ಹೆಂಗಸರು ಬುಟ್ಟಿ ಹೊತ್ತುಕೊಂಡೇ ನಿಂತು ನೋಡಿದರು. ಒಬ್ಬಳು ಕೈ ಎತ್ತಿದಳು. ಊರು ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಬಿಸಿಲು ಏರಿತ್ತು, ಗುಡ್ಡಗಳು ಬಿಸಿಗಾಳಿಯಲ್ಲಿ ಸಣ್ಣಗೆ ಅಲುಗುತ್ತಿದ್ದವು. ರಿಂಗು ಹೊಂದಿಕೊಂಡ ಇಂಜಿನ್ನಿಗೆ ಈಗ ಯಾವ ಕಟ್ಟುಪಾಡೂ ಇರಲಿಲ್ಲ.

"ಎಷ್ಟು?" ಎಂದಳು.

"ನಲವತ್ತು."

"ಈಗ?"

"ಐವತ್ತೆರಡು." ಅವನು ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡ. "ಇನ್ಮೇಲೆ ಕೇಳ್ಬೇಡ. ನಂಗೆ ಕಾಣಲ್ಲ."

ತರೀಕೆರೆ ಬರುವವರೆಗೂ ಅವಳು ಮತ್ತೆ ಕೇಳಲಿಲ್ಲ.

ಡಾಕ್ಟರು ಒಳ್ಳೆಯ ಮನುಷ್ಯ. ಗಾಡಿಯ ಸುತ್ತ ಮಗುವಿನ ಹಾಗೆ ಸುತ್ತಿದರು. ಹೇಳಿದ ಬೆಲೆಗೆ ಚೌಕಾಸಿಯಿಲ್ಲದೆ ಒಪ್ಪಿ ಕೊಟ್ಟರು. ಹಾಕಿದ್ದಕ್ಕೆ ಒಂದೂವರೆ ಪಟ್ಟು ಬಂತು. "ಚೆನ್ನಾಗಿ ಪಳಗಿಸಿದೀರಿ," ಎಂದರು. ಪಂಚಾಕ್ಷರಪ್ಪ, "ಇವಳು ಪಳಗಿಸಿದ್ದು," ಎಂದ. ಡಾಕ್ಟರು ಅದನ್ನು ಉಪಚಾರದ ಮಾತು ಎಂದುಕೊಂಡು ನಕ್ಕರು. ಗಾಡಿ ಗೇಟು ದಾಟಿ ಲಿಂಗದಹಳ್ಳಿ ಕಡೆ ತಿರುಗಿ, ಧೂಳಿನಲ್ಲಿ ಸಣ್ಣದಾಗಿ, ಇಲ್ಲವಾಯಿತು.

ವಾಪಸ್ಸು ಬಸ್ಸಿನಲ್ಲಿ ಬಂದರು. ಮಲ್ಲಿಕಾಂಬಳಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು, ಅವನಿಗೆ ಹಿಂದೆ ನಿಲ್ಲಲು ಜಾಗ. ಅವಳು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಆದರೆ ಡ್ರೈವರು ಗೇರು ಬದಲಿಸಿದಾಗಲೆಲ್ಲ ಅವಳ ಎಡಗೈ ಮಡಿಲಲ್ಲೇ ಅಷ್ಟಷ್ಟು ಅಲುಗುವುದು ಅವನಿಗೆ ಜನರ ಸಂದಿಯಲ್ಲಿ ಕಾಣುತ್ತಿತ್ತು.

ಆ ವಾರವೆಲ್ಲ ಮನೆಯಲ್ಲಿ ಏನೋ ತಪ್ಪಿದ ಹಾಗಿತ್ತು. ಇಬ್ಬರಿಗೂ ಐದಕ್ಕೇ ಎಚ್ಚರವಾಗುತ್ತಿತ್ತು, ಹೋಗಲು ಎಲ್ಲೂ ಇರಲಿಲ್ಲ. ಎಂಟನೇ ದಿನ ಪಂಚಾಕ್ಷರಪ್ಪ ಅವಳನ್ನು ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಲೈಸೆನ್ಸಿಗೆ ಅರ್ಜಿ ಹಾಕಿಸಿದ. ಆ ಬೇಸಿಗೆಯಲ್ಲೇ ಅವಳು ಇನ್ಸ್‌ಪೆಕ್ಟರ ಮುಂದೆ ಬಾಡಿಗೆ ಅಂಬಾಸಡರನ್ನು ಎಂಟರ ಆಕಾರದಲ್ಲಿ ಓಡಿಸಿ ತೋರಿಸಿ, ಮೊದಲ ಸಲಕ್ಕೇ ಪಾಸಾದಳು.

ಮಳೆಗಾಲ ಕಳೆದ ಮೇಲೆ ಒಂದು ದಿನ ಅಜ್ಜಂಪುರದಿಂದ ಎರಡು ಗಾಡಿ ಒಟ್ಟಿಗೆ ತರಬೇಕಾಗಿ ಬಂತು, ಒಂದು ವ್ಯಾನು, ಒಂದು ಫಿಯಟ್ಟು. ಊಟದ ಹೊತ್ತಿಗೆ ಪಂಚಾಕ್ಷರಪ್ಪ ತಟ್ಟೆ ನೋಡುತ್ತಲೇ, "ಇನ್ನೊಬ್ಬ ಡ್ರೈವರು ಬೇಕಲ್ಲ," ಎಂದ. ಉಚ್ಚಂಗಮ್ಮ ಮಜ್ಜಿಗೆಯ ಲೋಟ ಕೆಳಗಿಟ್ಟು, "ಮನೇಲೇ ಇಟ್ಕೊಂಡು ಊರಲ್ಲಿ ಹುಡುಕ್ತೀಯಾ?" ಎಂದಳು. ಕಾಂತಮ್ಮ ಈ ಸಲ ತಟ್ಟೆಯ ಸದ್ದು ಮಾಡಲಿಲ್ಲ. "ಅಕ್ಕಾ, ಬರೋವಾಗ ನನ್ನನ್ನೂ ಕೂರಿಸ್ಕೊಂಡು ಬನ್ನಿ. ನಾನೂ ಬಸ್ಸಲ್ಲಿ ನಿಮ್ಮ ಜೊತೆ ಅಲ್ಲಿಗೆ ಬರ್ತೀನಿ," ಎಂದಳು.

ಹಾಗೇ ಆಯಿತು. ಪಂಚಾಕ್ಷರಪ್ಪ ವ್ಯಾನಿನಲ್ಲಿ ಮುಂದೆ, ಮಲ್ಲಿಕಾಂಬ ಮತ್ತು ಕಾಂತಮ್ಮ ಫಿಯಟ್ಟಿನಲ್ಲಿ ಹಿಂದೆ. ರಾಗಿ ಹೊಲಗಳು ಎರಡೂ ಕಡೆ ತೆನೆದೂಗುತ್ತಿದ್ದವು. ಕನ್ನಡಿಯಲ್ಲಿ ಹೆಂಡತಿಯ ಮುಖ ಪುಟ್ಟದಾಗಿ, ಗಾಜಿನ ಮೇಲೆ ಬಿದ್ದ ಮೋಡದ ನೆರಳಿನಲ್ಲಿ ಒಮ್ಮೆ ಮರೆಯಾಗಿ ಒಮ್ಮೆ ಕಾಣುತ್ತಿತ್ತು. ಬೀರೂರು ಇನ್ನೂ ಎರಡು ಮೈಲಿ ಇದೆ ಎನ್ನುವಾಗ ಕನ್ನಡಿ ಖಾಲಿಯಾಯಿತು. ಅವನು ಗಾಬರಿಯಾಗಿ ತಿರುಗುವಷ್ಟರಲ್ಲಿ ಫಿಯಟ್ಟು ಬಲಗಡೆಯಿಂದ ಮೆಲ್ಲಗೆ ಅವನ ಸಮಕ್ಕೆ ಬಂದು, ಹಾರನ್ ಹೊಡೆದು, ದಾಟಿಕೊಂಡು ಮುಂದೆ ಹೋಯಿತು.